ನೀಲಿ ಚಂದ್ರ, ಈದ್ ಚಂದ್ರ

2023ರ ಆಗಸ್ಟ್ 31, ಗುರುವಾರ. ಚಂದ್ರಯಾನ-3 ಚಂದ್ರನ ಮೇಲಿಳಿದು ಒಂದು ವಾರವಾಗಿತ್ತಷ್ಟೆ. ತರಗತಿಯಲ್ಲಿ ಏನು ಪಾಠ ಮಾಡಹೊರಟರೂ ಮಕ್ಕಳು ಚಂದ್ರನ ಸುದ್ದಿಗೇ ಬರುತ್ತಿದ್ದರು. ಅಂದು ಪತ್ರಿಕೆಗಳಲ್ಲಿ 'ಬ್ಲೂ ಮೂನ್' ಎಂಬ ಸುದ್ದಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇವತ್ತು ಚಂದ್ರ ನೀಲಿ ಬಣ್ಣಕ್ಕೆ ಬರುತ್ತಾನಾ?" ಎಂದು ಕೇಳಿದಳು.

ನಾನು ಮದರಸದಲ್ಲಿ ಓದಿದವಳು. ಇಂಗ್ಲಿಷ್ ಕಲಿತದ್ದು ಮದುವೆಯಾದ ಮೇಲೆ, ಅಂಚೆ ಶಿಕ್ಷಣದಲ್ಲಿ ಬಿ.ಎ. ಮಾಡುವಾಗ. 'ವನ್ಸ್ ಇನ್ ಎ ಬ್ಲೂ ಮೂನ್' ಎಂದರೆ 'ಅಪರೂಪಕ್ಕೊಮ್ಮೆ' ಎಂದು ಗೈಡ್ ನೋಡಿ ಬಾಯಿಪಾಠ ಮಾಡಿದ್ದೆ. ಏಕೆ ನೀಲಿ ಎಂದು ಗೈಡ್‌ನಲ್ಲಿ ಇರಲಿಲ್ಲ, ನಾನೂ ಕೇಳಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಜಾರಿಕೊಂಡೆ. ಮನೆಗೆ ಬಂದು ಮಗನ ಕಂಪ್ಯೂಟರಿನ ಮುಂದೆ ಕುಳಿತೆ.

ಚಂದ್ರ ನೀಲಿಯಾಗುವುದು ಸುಳ್ಳೇನಲ್ಲ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಅದರ ಸೂಕ್ಷ್ಮ ಧೂಳಿನ ಮೂಲಕ ಅನೇಕ ಕಡೆ ಚಂದ್ರ ನೀಲಿಯಾಗಿ ಕಂಡನಂತೆ. 1950ರಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆಯಿಂದ ಬ್ರಿಟನ್ನಿನಲ್ಲೂ ಹಾಗೆ ಕಂಡಿತ್ತು. ಆದರೆ ಪತ್ರಿಕೆಯವರು ಹೇಳಿದ ಬ್ಲೂ ಮೂನ್‌ಗೂ ಬಣ್ಣಕ್ಕೂ ಸಂಬಂಧವಿಲ್ಲ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದಕ್ಕೆ ಆ ಹೆಸರು. ಈ ಅರ್ಥವೂ ಒಂದು ತಪ್ಪಿನಿಂದ ಹುಟ್ಟಿದ್ದು! ಹಿಂದೆ ಅಮೆರಿಕದ ಒಂದು ಪಂಚಾಂಗದಲ್ಲಿ, ಮೂರು ತಿಂಗಳ ಒಂದು ಋತುವಿನಲ್ಲಿ ನಾಲ್ಕು ಹುಣ್ಣಿಮೆ ಬಂದರೆ ಮೂರನೆಯದನ್ನು ಹಾಗೆ ಕರೆಯುತ್ತಿದ್ದರು. 1946ರಲ್ಲಿ ಖಗೋಳ ಪತ್ರಿಕೆಯೊಂದರ ಲೇಖಕರು ಅದನ್ನು ತಪ್ಪಾಗಿ ಅರ್ಥಮಾಡಿಕೊಂಡು ಬರೆದರು, ಜನ ಅದನ್ನೇ ಹಿಡಿದರು. ಮಕ್ಕಳ ತಪ್ಪಿಗೆ ಕೆಂಪು ಶಾಯಿ ಹಚ್ಚುವ ನನಗೆ ಇದನ್ನು ಓದಿ ನಗು ಬಂತು.

ನಮ್ಮ ಹಿಜರಿ ತಿಂಗಳಲ್ಲಿ ಬ್ಲೂ ಮೂನ್ ಬರುವುದೇ ಸಾಧ್ಯವಿಲ್ಲ. ಚಂದ್ರ ಕಂಡಾಗಲೇ ತಿಂಗಳು ಶುರುವಾಗುವುದರಿಂದ ತಿಂಗಳಿಗೆ ಒಂದೇ ಹುಣ್ಣಿಮೆ. ಆ 13, 14, 15ನೆಯ ದಿನಗಳು 'ಅಯ್ಯಾಮುಲ್ ಬೀದ್', ಬೆಳ್ಳಗಿನ ದಿನಗಳು. ಸುನ್ನತ್ ಉಪವಾಸದ ದಿನಗಳು. ಸೂರ್ಯನ ವರ್ಷಕ್ಕಿಂತ ಚಂದ್ರನ ವರ್ಷ ಸುಮಾರು 11 ದಿನ ಚಿಕ್ಕದು. ಆ ದಿನಗಳು ಕೂಡಿ ಸುಮಾರು ಎರಡು ವರ್ಷ ಎಂಟು ತಿಂಗಳಿಗೆ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. ನೆರೆಮನೆಯ ಹಿಂದೂ ಬಂಧುಗಳ ಅಧಿಕ ಮಾಸದ ಲೆಕ್ಕವೂ ಇದೇ. ಆ ವರ್ಷ ಅವರಿಗೆ ಅಧಿಕ ಶ್ರಾವಣ ಬಂದಿತ್ತು.

ಇಷ್ಟೆಲ್ಲ ತಿಳಿದ ಉತ್ಸಾಹದಲ್ಲಿ ಅರಸೀಕೆರೆಯಲ್ಲಿರುವ ಅಮ್ಮಿಗೆ ಫೋನ್ ಮಾಡಿದೆ. "ಅಸ್ಸಲಾಮು ಅಲೈಕುಂ ಅಮ್ಮಿ" ಎಂದದ್ದೇ ತಡ, ಸಲಾಮಿಗೆ ಉತ್ತರ ಹೇಳಿ, "ತೂ ತೋ ಈದ್ ಕಾ ಚಾಂದ್ ಹೋಗಯಿ ಬೇಟಾ" ಎಂದರು. ನೀನು ಈದ್‌ನ ಚಂದ್ರನಾಗಿಬಿಟ್ಟೆ, ಕಾಣಿಸುವುದೇ ಇಲ್ಲ! ಕನ್ನಡದಲ್ಲಿ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಎನ್ನುತ್ತೇವಲ್ಲ, ಅದೇ ಮಾತು. ಇಂಗ್ಲಿಷಿನವರಿಗೂ ನಮಗೂ ಅಪರೂಪಕ್ಕೆ ಚಂದ್ರನೇ ಬೇಕು. ಆದರೆ ಈದ್‌ನ ಚಂದ್ರನನ್ನು ಜನ ಮಾಳಿಗೆ ಹತ್ತಿ ಕಾಯುತ್ತಾರೆ. ನೀಲಿ ಚಂದ್ರನನ್ನು ಯಾರೂ ಕಾಯುವುದಿಲ್ಲ. ಅಮ್ಮಿಯ ಮಾತಿನಲ್ಲಿ ದೂರಿಗಿಂತ ಆ ಕಾಯುವಿಕೆಯೇ ನನಗೆ ಚುಚ್ಚಿದ್ದು.

ಫೋನ್ ಇಟ್ಟು ಲೆಕ್ಕ ಹಾಕಿದೆ. ಅಬ್ಬ ತೀರಿಕೊಂಡದ್ದು 2020ರ ಜೂನ್‌ನಲ್ಲಿ. ಅಮ್ಮಿಯ ಇದ್ದತ್ ಮುಗಿದ ಮೇಲೆ ಅಕ್ಟೋಬರ್ ಕೊನೆಗೆ, ಈದ್ ಮಿಲಾದ್ ರಜೆಯಲ್ಲಿ, ಹೋಗಿ ಎರಡು ರಾತ್ರಿ ಉಳಿದಿದ್ದೆ. ಅದರ ನಂತರ ಹೋದದ್ದೆಲ್ಲ ಶಿವಮೊಗ್ಗದಿಂದ ಬೆಳಗಿನ ರೈಲು, ಸಂಜೆಯ ರೈಲು. ಮಕ್ಕಳ ಪರೀಕ್ಷೆ, ಅತ್ತೆಯವರ ಕಾಲು ನೋವು, ಶಾಲೆ. ಕಾರಣಗಳೆಲ್ಲ ನಿಜವಾದವೇ. ಕಂಪ್ಯೂಟರಿನ ಪಟ್ಟಿಯಲ್ಲಿ ಹಿಂದಿನ ಬ್ಲೂ ಮೂನ್ ದಿನಾಂಕ ನೋಡಿದೆ: 2020ರ ಅಕ್ಟೋಬರ್ 31. ಅಂದು ನಾನು ಅಮ್ಮಿಯ ಮಗ್ಗುಲಲ್ಲಿ ಮಲಗಿದ್ದೆ. ಒಂದು ನೀಲಿ ಚಂದ್ರನಿಂದ ಇನ್ನೊಂದರವರೆಗೆ, 34 ತಿಂಗಳು, ಹೆತ್ತವಳ ಮನೆಯಲ್ಲಿ ಒಂದು ರಾತ್ರಿಯೂ ಕಳೆದಿರಲಿಲ್ಲ.

ಮರುದಿನ ಆ ಹುಡುಗಿಗೆ ಉತ್ತರ ಹೇಳಿದೆ. ವಾಕ್ಯರಚನೆ ಮಾಡಿ ಎಂದಾಗ ಒಬ್ಬಳು "ನಮ್ಮ ಅಪ್ಪ ಗಲ್ಫ್‌ನಿಂದ ವನ್ಸ್ ಇನ್ ಎ ಬ್ಲೂ ಮೂನ್ ಬರುತ್ತಾರೆ" ಎಂದು ಬರೆದಳು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಸರಿ ಗುರುತು ಹಾಕಿ ಪುಸ್ತಕ ಮಡಚಿಕೊಟ್ಟೆ.

ಸೆಪ್ಟೆಂಬರ್ 28ಕ್ಕೆ ಈದ್ ಮಿಲಾದ್, ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ. ನಡುವೆ ಎರಡು ದಿನ ರಜೆ ಹಾಕಿ ಅರಸೀಕೆರೆಗೆ ಹೋದೆ. ಅತ್ತೆಯವರೇ "ಹೋಗಿ ಬಾ, ನಾವು ನೋಡಿಕೊಳ್ಳುತ್ತೇವೆ" ಎಂದರು. ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಶುಕ್ರವಾರ ಇಶಾ ನಮಾಝ್ ಆದ ಮೇಲೆ ಇಬ್ಬರೂ ಮಾಳಿಗೆಯಲ್ಲಿ ಚಾಪೆ ಹಾಸಿ ಕುಳಿತೆವು. ಹುಣ್ಣಿಮೆ. ಬ್ಲೂ ಮೂನ್ ಕಥೆಯನ್ನೆಲ್ಲ ಹೇಳಿದೆ. ಅಮ್ಮಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಮೇಲೆ ನೋಡಿದರು.

"ನೀಲಿ ಎಲ್ಲಿದೆಯೇ? ಹಾಲಿನ ಹಾಗಿದೆ" ಎಂದರು. ಆಮೇಲೆ, "ನಾಳೆ ನನಗೆ ಉಪವಾಸ. ಸಹರಿಗೆ ನಿನ್ನನ್ನೂ ಎಬ್ಬಿಸಲಾ, ಮಲಗಿರುತ್ತೀಯಾ?"

"ಎಬ್ಬಿಸಿ ಅಮ್ಮಿ" ಎಂದೆ.