ತಿರುಗಲಿ, ಟಿಕ್ ಅನ್ನದಿರಲಿ

ಮುದಗಲ್ ಕೋಟೆಯ ಕಲ್ಲುಗಳಿಂದ ಹಗಲಿನ ಕಾವು ಇನ್ನೂ ಇಳಿದಿಲ್ಲ. ಹೋಗಿದ್ದ ಕರೆಂಟು ಬಂದಿದೆ, ಬಂದದ್ದು ಜೋರಾಗಿ ಬಂದಿದೆ. ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ನಿಂತ ನಿಮ್ಮ ಮೂಗಿಗೆ ಸುಟ್ಟ ವಾಸನೆ ಬಡಿಯುತ್ತದೆ. ಕಂಪ್ಯೂಟರಿನ ಬಟನ್ ಒತ್ತುತ್ತೀರಿ. ಫ್ಯಾನು ಒಮ್ಮೆ ಕದಲಿ ನಿಲ್ಲುತ್ತದೆ. ಮತ್ತೆ ಒತ್ತುತ್ತೀರಿ. ಮತ್ತೆ ಅದೇ.

ಒಳಗಿನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ ಊರಿನ ಮದುವೆಗಳಿವೆ, ತೀರಿಕೊಂಡವರ ಮುಖಗಳಿವೆ, ಹುಸೇನಿ ಆಲಂ ದರ್ಗಾದ ಮುಂದೆ ಹಿಂದೂ ಮುಸ್ಲಿಮರು ಕೂಡಿ ಆಚರಿಸಿದ ಮೊಹರಂ ಇದೆ. ಇನ್ನೊಂದು ಪ್ರತಿ ಎಲ್ಲೂ ಇಲ್ಲ.

"ಎಲ್ಲಾ ಹೋತೇನ್ರಿ?" ಬಾಗಿಲಲ್ಲಿ ನಿಂತ ಹುಡುಗ ಕೇಳುತ್ತಾನೆ. ಉತ್ತರಿಸಲು ನಾಲಿಗೆ ಒಣಗಿದೆ. ಡಿಸ್ಕಿನ ಪವರ್ ಕೇಬಲ್ ಕಿತ್ತು ಬಟನ್ ಒತ್ತುತ್ತೀರಿ. ಕಂಪ್ಯೂಟರ್ ಏಳುತ್ತದೆ! ಅಂದರೆ ಶಾರ್ಟ್ ಆಗಿರುವುದು ಡಿಸ್ಕಿನಲ್ಲೇ.

ಕೈ ಡಿಸ್ಕಿನ ಮುಚ್ಚಳದ ಸ್ಕ್ರೂಗಳತ್ತ ಹೋಗುತ್ತದೆ. ಬೇಡ. ಒಳಗೆ ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಾ ಓದುವ ಹೆಡ್ಡಿಗೆ ಈ ಕೋಣೆಯ ಒಂದು ಧೂಳಿನ ಕಣವೂ ಬಂಡೆಯೇ. ಡಿಸ್ಕನ್ನು ಮಗುಚಿ, ಅಡಿಯ ಬೋರ್ಡನ್ನಷ್ಟೇ ಬಿಚ್ಚುತ್ತೀರಿ. ಪವರ್ ಕನೆಕ್ಟರಿನ ಪಕ್ಕ ಎರಡು ಕಪ್ಪು ಡಯೋಡುಗಳು: 5 ವೋಲ್ಟಿಗೊಂದು, 12 ವೋಲ್ಟಿಗೊಂದು. ವೋಲ್ಟೇಜು ಮಿತಿ ಮೀರಿದಾಗ ತಾವು ಸತ್ತಾದರೂ ಚಿಪ್ಪುಗಳನ್ನು ಉಳಿಸುವುದೇ ಇವುಗಳ ಕೆಲಸ. ಮಲ್ಟಿಮೀಟರ್ ಒಂದಕ್ಕೆ ತಾಗಿಸುತ್ತೀರಿ, ಸದ್ದಿಲ್ಲ. ಇನ್ನೊಂದಕ್ಕೆ ತಾಗಿಸುತ್ತೀರಿ. ಬೀಪ್!

ಅದನ್ನು ತೆಗೆದರೆ ಡಿಸ್ಕಿಗೆ ಕಾವಲು ಇರುವುದಿಲ್ಲ. ಇನ್ನೊಮ್ಮೆ ವೋಲ್ಟೇಜು ಏರಿದರೆ ಚಿಪ್ಪುಗಳೇ ಹೋಗುತ್ತವೆ. ಬೇರೆ ಬೋರ್ಡ್ ಹಾಕೋಣವೆಂದರೆ, ಈ ಡಿಸ್ಕಿಗೆ ಮಾತ್ರ ಹೊಂದುವ ಅಳತೆಗಳು ಈ ಬೋರ್ಡಿನ ಚಿಪ್ಪಿನಲ್ಲಿವೆ. ನಿರ್ಧಾರ ನಿಮ್ಮದೇ. ಸೋಲ್ಡರಿಂಗ್ ಐರನ್ ಕಾಯುತ್ತದೆ, ರಾಳದ ಹೊಗೆ ಕಣ್ಣು ಉರಿಸುತ್ತದೆ, ಹುಬ್ಬಿನ ಬೆವರನ್ನು ತೋಳಿನಿಂದ ಒರೆಸಿಕೊಳ್ಳುತ್ತೀರಿ. ಡಯೋಡ್ ಕಿತ್ತು ಬರುತ್ತದೆ.

ಬೋರ್ಡನ್ನು ಮತ್ತೆ ಕೂರಿಸಿ, ಪವರ್ ಕೇಬಲ್ಲಿನ ವೋಲ್ಟೇಜು ಅಳೆದು, ಯುಪಿಎಸ್ ಮೇಲೆ ಪವರ್ ಕೊಡುತ್ತೀರಿ. ಬೆರಳು ಸ್ವಿಚ್ಚಿನ ಮೇಲೇ ಇದೆ. ಟಿಕ್ ಟಿಕ್ ಎಂದರೆ ಹೆಡ್ ಕೆಟ್ಟಿರಬಹುದು. ಆ ಕ್ಷಣವೇ ಆರಿಸಿ ಕ್ಲೀನ್ ರೂಮ್ ಇರುವ ಲ್ಯಾಬಿಗೆ ಒಯ್ಯಬೇಕು. ಕಿವಿ ಹತ್ತಿರ ತರುತ್ತೀರಿ. ಗುಂಯ್ ಎಂಬ ಸಣ್ಣ ಸದ್ದು. ಏರುತ್ತದೆ. ಇನ್ನೂ ಏರುತ್ತದೆ. ನಿಮಿಷಕ್ಕೆ 7200 ಸುತ್ತಿಗೆ ಬಂದು ಸಮನಾಗುತ್ತದೆ. ಟಿಕ್ ಇಲ್ಲ!

ಫೋಲ್ಡರ್ ತೆರೆದು ನೋಡುವ ಆಸೆಯನ್ನು ನುಂಗಿಕೊಳ್ಳುತ್ತೀರಿ. ಲಿನಕ್ಸ್ ಪೆನ್‌ಡ್ರೈವಿನಿಂದ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿ, ಇಡೀ ಡಿಸ್ಕನ್ನು ಹೊಸದೊಂದಕ್ಕೆ ನಕಲಿಸುತ್ತೀರಿ. ನಡುವೆ ವೇಗ ಸೊನ್ನೆಗೆ ಬೀಳುತ್ತದೆ. ಎದೆ ಧಸಕ್ಕೆನ್ನುತ್ತದೆ. ಮುಟ್ಟಬೇಡಿ! ಕೆಟ್ಟ ಜಾಗವನ್ನು ಬರೆದಿಟ್ಟುಕೊಂಡು ಡಿಡಿರೆಸ್ಕ್ಯೂ ಮುಂದೆ ಹೋಗುತ್ತದೆ, ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು ಆಮೇಲೆ ಹಿಂದಿರುಗುತ್ತದೆ. ಗಂಟೆಗಳು ಕಳೆದು ನಕಲು ಮುಗಿಯುತ್ತದೆ. ನಕಲಿನ ಫೋಲ್ಡರುಗಳು ತೆರೆಯುತ್ತವೆ.

ಕಾವಲಿಲ್ಲದ ಆ ಹಳೆಯ ಡಿಸ್ಕನ್ನು ಮತ್ತೆ ಕೆಲಸಕ್ಕೆ ಹಚ್ಚಬೇಡಿ. ಇವತ್ತೇ ಎರಡನೆಯ ಪ್ರತಿ ಮಾಡಿ, ಬೇರೆ ಮನೆಯಲ್ಲಿಡಿ. ಒಂದೇ ಕಡೆ ಇರುವ ನೆನಪು ಕಳೆದುಕೊಳ್ಳಲು ಒಂದು ಸಲ ಕರೆಂಟು ಜೋರಾಗಿ ಬಂದರೆ ಸಾಕು.