ಫಾರ್ಮ್ಯಾಟ್ ಹೊಡೆಯೋಣ ಸಾರ್

ನಮ್ಮ ಸೀಮೆಯಲ್ಲಿ ಕಂಪ್ಯೂಟರಿಗೆ ಬರುವ ಕಾಯಿಲೆ ಯಾವುದೇ ಇರಲಿ, ಔಷಧ ಮಾತ್ರ ಒಂದೇ. ಸ್ಲೋ ಆಗಿದೆಯೇ? ಫಾರ್ಮ್ಯಾಟ್. ಪ್ರಿಂಟ್ ಬರುತ್ತಿಲ್ಲವೇ? ಫಾರ್ಮ್ಯಾಟ್. ಕನ್ನಡ ಅಕ್ಷರ ಇರಬೇಕಾದಲ್ಲಿ ಚೌಕಟ್ಟು ಕಾಣುತ್ತಿದೆಯೇ? ಅದಕ್ಕೂ ಫಾರ್ಮ್ಯಾಟ್. "ಹೊಡೆದುಬಿಡೋಣ ಸಾರ್, ಫ್ರೆಶ್ ಆಗತ್ತೆ" ಎಂದು ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡ ಹುಡುಗ ನಗುನಗುತ್ತಾ ಹೇಳುವಾಗ ನನಗೆ ಮೈ ಉರಿಯುತ್ತದೆ. ಡೇಟಾ ಹೋಗುತ್ತದೆಂಬ ಭಯವೇನಿಲ್ಲ, ಅದನ್ನು ಬೇರೆ ಡ್ರೈವಿಗೆ ಹಾಕಿಕೊಡುವಷ್ಟು ದಯೆ ಆ ಹುಡುಗನಲ್ಲಿರುತ್ತದೆ. ಆದರೆ ಏನಾಗಿತ್ತು ಎಂಬ ಪ್ರಶ್ನೆ ಮಾತ್ರ ಡಿಸ್ಕಿನ ಜೊತೆಗೇ ಒರೆಸಿ ಹೋಗುತ್ತದೆ. ಹೊಟ್ಟೆನೋವು ಎಂದು ಹೋದವನಿಗೆ ಡಾಕ್ಟರು "ಇನ್ನೊಮ್ಮೆ ಹುಟ್ಟಿ ಬಾ" ಎಂದರೆ ಯಾರು ಸುಮ್ಮನಿರುತ್ತಾರೆ?

ಈ ಸಿಟ್ಟು ಮತ್ತೆ ತಲೆಯೆತ್ತಿದ್ದು ತೀರ್ಥಹಳ್ಳಿ ಕಡೆಯ ನನ್ನ ಬಾವಮೈದುನನ ಮನೆಯಲ್ಲಿ. ವಿಂಡೋಸ್ 7ರ ಹಳೆಯ ಡೆಸ್ಕ್‌ಟಾಪ್. ಅದರಲ್ಲಿ ಅಡಿಕೆ ಮಂಡಿಯ ಲೆಕ್ಕ, ಮಗನ ಉಪನಯನದ ಫೋಟೋ, ತೋಟದ ಪಹಣಿಯ ಸ್ಕ್ಯಾನ್. ಇವೆಲ್ಲ ಕಳೆದುಹೋಗಬಾರದೆಂದು ಯಾರದೋ ಮಾತು ಕೇಳಿ ಒಂದು ಬ್ಯಾಕಪ್ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದ. ಉಚಿತದ ಅವಧಿ ಮುಗಿದದ್ದೇ ಅದು ದಿನಕ್ಕೆರಡು ಬಾರಿ ದುಡ್ಡು ಕೇಳತೊಡಗಿತು. ಅವನು ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಅದನ್ನು ಅನ್‌ಇನ್‌ಸ್ಟಾಲ್ ಮಾಡಿದ. ಯಶಸ್ವಿಯಾಗಿ ತೆಗೆಯಲಾಗಿದೆ, ರೀಸ್ಟಾರ್ಟ್ ಮಾಡಿ ಎಂದಿತು. ಮಾಡಿದ. ಅಲ್ಲಿಂದ ಮುಂದೆ ಅದು ರೀಸ್ಟಾರ್ಟ್ ಮಾಡುವುದನ್ನು ನಿಲ್ಲಿಸಲೇ ಇಲ್ಲ.

ನಾಲ್ಕು ಬಣ್ಣದ ಬೆಳಕುಗಳು ಹಾರಿ ಬಂದು ಒಂದಾಗಿ ವಿಂಡೋಸ್ ಗುರುತು ಮೂಡುವಷ್ಟರಲ್ಲಿ ಕಣ್ಣು ಮಿಟುಕಿಸಿದಷ್ಟು ಹೊತ್ತು ನೀಲಿ, ಆಮೇಲೆ ಕಪ್ಪು, ಮತ್ತೆ ಮೊದಲಿನಿಂದ. ಮನೆಯವರೆಲ್ಲ ಸುತ್ತ ನೆರೆದರು. ವೋಲ್ಟೇಜ್ ಸಾಲುತ್ತಿಲ್ಲ ಎಂದರು ಒಬ್ಬರು. ಇಲಿ ವೈರು ಕಡಿದಿದೆ ಎಂದರು ಇನ್ನೊಬ್ಬರು. ಮೊನ್ನೆಯ ಸಿಡಿಲು ಮೋಡೆಮ್ ಸುಟ್ಟ ಹಾಗೆ ಇದನ್ನೂ ಸುಟ್ಟಿದೆ ಎಂಬುದು ಅತ್ತೆಯವರ ನಿರ್ಣಯ. ಮಲೆನಾಡಿನಲ್ಲಿ ಈ ಮೂರೂ ನಡೆಯದ ಸಂಗತಿಗಳೇನಲ್ಲ, ಹಾಗಾಗಿ ಯಾರ ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಪೇಟೆಯಿಂದ ಬಂದ ಹುಡುಗ ಒಂದೇ ಸಲ ನೋಡಿ ಆ ಮಾತು ಹೇಳಿಬಿಟ್ಟ.

ನಾನು ತಡೆದೆ. ಆ ನೀಲಿ ಪರದೆಯಲ್ಲಿ ಏನೋ ಬರೆದಿದೆ, ಓದಿ ನೋಡೋಣ ಎಂದೆ. "ಅದನ್ನ ಯಾರೂ ಓದಲ್ಲ ಸಾರ್" ಎಂದ ಹುಡುಗ. ನಿಜವೇ. ಓದಲು ಅದು ಬಿಡುವುದೂ ಇಲ್ಲ. ಕುಸಿದ ಕೂಡಲೇ ತಾನಾಗಿಯೇ ಮರಳಿ ಏಳಬೇಕೆಂಬ ಏರ್ಪಾಡು ಬೀಗ ಹಾಕಿದ ಕೋಣೆಯಲ್ಲಿ ರಾತ್ರಿಯಿಡೀ ಒಂಟಿಯಾಗಿ ದುಡಿಯುವ ಸರ್ವರುಗಳಿಗೆ ಬಲು ಒಳ್ಳೆಯದು. ಅದನ್ನೇ 2001ರ ಎಕ್ಸ್‌ಪಿಯಿಂದೀಚೆಗೆ ಮನೆಮನೆಯ ಕಂಪ್ಯೂಟರಿಗೂ ಕಟ್ಟಿ ಕಳಿಸಿದರು. ನೋವು ಎಲ್ಲಿದೆಯೆಂದು ಹೇಳಲು ಬಾಯಿ ತೆರೆದ ಯಂತ್ರ ಅದೇ ಉಸಿರಿಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಮದ್ದು ಎಫ್8. ಲೋಗೋ ಬರುವ ಮೊದಲೇ ಆ ಕೀಲಿಯನ್ನು ಪಟಪಟನೆ ಒತ್ತುತ್ತಿದ್ದರೆ ಒಂದು ಕಪ್ಪು ಪಟ್ಟಿ ಬರುತ್ತದೆ. ಅದರಲ್ಲಿ ಕೆಳಗೆಲ್ಲೋ, ಕುಸಿದಾಗ ತಾನಾಗಿ ರೀಸ್ಟಾರ್ಟ್ ಆಗುವುದು ಬೇಡ ಎಂಬ ಸಾಲು. ಅದನ್ನು ಆರಿಸಿದೆವು. ನೀಲಿ ಪರದೆ ಈ ಸಲ ಕದಲದೆ ನಿಂತಿತು. ಸಾಲಾಗಿ ಸೊನ್ನೆಗಳು, ಕೊನೆಗೆ 7ಬಿ. ಆ ಅಂಕಿಯ ಅರ್ಥ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ತಾನು ಯಾವ ಡಿಸ್ಕಿನಿಂದ ಏಳಬೇಕೋ ಆ ಡಿಸ್ಕೇ ವಿಂಡೋಸಿನ ಕೈಗೆ ಸಿಗುತ್ತಿಲ್ಲ.

ಸಿಗದಿರಲು ಡಿಸ್ಕ್ ಕೆಟ್ಟಿರಲಿಲ್ಲ. ಬ್ಯಾಕಪ್ ಮಾಡುವ ಕೆಲವು ಸಾಫ್ಟ್‌ವೇರ್‌ಗಳು ಡಿಸ್ಕಿಗೆ ಏನೇನು ಬರೆಯಲಾಗುತ್ತಿದೆ ಎಂದು ನೋಡುತ್ತಿರಲು ವಿಂಡೋಸಿಗೂ ಡಿಸ್ಕಿಗೂ ನಡುವೆ ತಮ್ಮದೊಂದು ಫಿಲ್ಟರ್ ಡ್ರೈವರನ್ನು ನಿಲ್ಲಿಸುತ್ತವೆ. ಮಾಡಿಗೆ ಹೆಂಚು ಏರಿಸುವಾಗ ಲಾರಿಯಿಂದ ಏಣಿಯ ತುದಿಯವರೆಗೆ ಆಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಆ ಸಾಲಿನಲ್ಲಿ ಇದೂ ಒಬ್ಬ ಆಳು. ಯಾರು ಯಾರು ನಿಲ್ಲಬೇಕೆಂಬ ಪಟ್ಟಿ, ವಿಂಡೋಸ್ ತನ್ನ ಏರ್ಪಾಡುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ 'ಅಪ್ಪರ್‌ಫಿಲ್ಟರ್ಸ್' ಎಂಬ ಹೆಸರಿನಲ್ಲಿರುತ್ತದೆ. ಅನ್‌ಇನ್‌ಸ್ಟಾಲರ್ ಆಳನ್ನು ಮನೆಗೆ ಕಳಿಸಿತು, ಪಟ್ಟಿಯಿಂದ ಹೆಸರು ಹೊಡೆಯಲಿಲ್ಲ. ಬೆಳಿಗ್ಗೆ ಮೇಸ್ತ್ರಿ ಹೆಸರು ಕೂಗಿದರೆ ಉತ್ತರವಿಲ್ಲ. ಒಬ್ಬ ಬಾರದೆ ಕೆಲಸವೇ ಶುರುವಾಗದು ಎನ್ನುವ ಜಿಗುಟು ಮೇಸ್ತ್ರಿ ಅವನು. ಸೇಫ್ ಮೋಡಿನಲ್ಲೂ ಅದೇ ಪಟ್ಟಿ, ಅದೇ ಹಟ. ಸಿಸ್ಟಮ್ ರಿಸ್ಟೋರ್‌ನಿಂದ ಹಿಂದಕ್ಕೆ ಹೋಗೋಣವೆಂದರೆ, ಜಾಗ ಉಳಿಯಲಿ ಎಂದು ಹಿಂದೊಬ್ಬ ರಿಪೇರಿಯವ ಅದನ್ನು ಮುಚ್ಚಿಹೋಗಿದ್ದ.

ಬಂದಷ್ಟು ಸುಲಭದಲ್ಲಿ ಹೋಗಲು ಬಾರದ ಸಾಫ್ಟ್‌ವೇರ್‌ಗಳ ವಂಶಾವಳಿ ದೊಡ್ಡದು. ಅದರಲ್ಲಿ ಮೂಲಪುರುಷನಲ್ಲದಿದ್ದರೂ ಕುಲದೀಪಕ ಎನ್ನಬಹುದಾದವನು 2005ರಲ್ಲಿ ಬೆಳಕಿಗೆ ಬಂದ. ಅಮೆರಿಕದಲ್ಲಿ ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ಪಂಡಿತರು ತಾವೇ ಬರೆದ ಪತ್ತೇದಾರಿ ಪ್ರೋಗ್ರಾಮನ್ನು ತಮ್ಮದೇ ಯಂತ್ರದ ಮೇಲೆ ಓಡಿಸಿ ನೋಡಿದರೆ, ಒಳಗೆ ಯಾರೋ ಅಡಗಿ ಕುಳಿತಿದ್ದಾರೆ. ಹಿಂಬಾಲಿಸಿಕೊಂಡು ಹೋದರೆ ಸಿಕ್ಕಿದ್ದು ಒಂದು ಹಾಡಿನ ಸಿ.ಡಿ. ವ್ಯಾನ್ ಝಾಂಟ್ ಎಂಬ ಸೋದರರ ಆಲ್ಬಮ್. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು, ಕದ್ದ ಪ್ರತಿಯಲ್ಲ! ಪ್ರತಿ ಮಾಡದಂತೆ ತಡೆಯಲು ಸೋನಿ ಬಿಎಂಜಿ ಕಂಪನಿ ಅದರೊಳಗೆ ಎಕ್ಸ್‌ಸಿಪಿ ಎಂಬ ಕಾವಲುಗಾರನನ್ನು ಇಟ್ಟಿತ್ತು. ಸಿ.ಡಿ.ಯನ್ನು ಕಂಪ್ಯೂಟರಿನಲ್ಲಿ ಕೇಳಲು ಒಪ್ಪಿಗೆ ಒತ್ತಿದಿರೋ, ಅವನು ಒಳಗೆ ಬಂದು ಕುಳಿತ. ಕುಳಿತದ್ದು ಕಾಣಬಾರದೆಂದು ಡಾಲರ್ ಗುರುತು, 'ಸಿಸ್', ಮತ್ತೊಂದು ಡಾಲರ್ ಗುರುತು, ಹೀಗೆ ಶುರುವಾಗುವ ಹೆಸರಿನ ಯಾವುದೂ ಕಣ್ಣಿಗೆ ಬೀಳದ ಹಾಗೆ ಮಾಯೆ ಮಾಡಿದ. ಹೀಗೆ ಅಡಗಿ ಕೂರುವ ಸಾಫ್ಟ್‌ವೇರಿಗೆ ರೂಟ್‌ಕಿಟ್ ಎನ್ನುತ್ತಾರೆ. ಕೆಲವೇ ದಿನಗಳಲ್ಲಿ ವೈರಸ್ ಬರೆಯುವವರು ತಮ್ಮ ಕೂಸುಗಳಿಗೂ ಅದೇ ಹೆಸರಿಟ್ಟು ಅದೇ ಮಾಯೆಯ ಮರೆಯಲ್ಲಿ ಮಲಗಿಸಿದರು.

ನನಗೆ ರುಚಿಸುವ ಭಾಗ ಇದಲ್ಲ. ರುಸಿನೋವಿಚ್ ಅದನ್ನು ಕೈಯಾರೆ ಕಿತ್ತು ಹಾಕಿದರು. ಹಾಕಿ ನೋಡುತ್ತಾರೆ, ಸಿ.ಡಿ. ಡ್ರೈವೇ ಮಾಯ. ಯಂತ್ರದ ಹೊಟ್ಟೆಯಲ್ಲಿ ಡ್ರೈವ್ ಇದೆ, ಗುಂಡಿ ಒತ್ತಿದರೆ ತಟ್ಟೆ ಹೊರಗೆ ಬರುತ್ತದೆ, ವಿಂಡೋಸಿಗೆ ಮಾತ್ರ ಕಾಣುವುದಿಲ್ಲ. ಕಾರಣ ಅದೇ ಫಿಲ್ಟರ್, ಅದೇ ಪಟ್ಟಿ, ಅದೇ ಅಳಿಸದೆ ಉಳಿದ ಹೆಸರು. ಅವರಿಗೆ ರಿಜಿಸ್ಟ್ರಿ ತಿದ್ದಿ ಡ್ರೈವನ್ನು ಮರಳಿ ಪಡೆಯುವುದು ಗೊತ್ತಿತ್ತು. ಅದೇ ಸಿ.ಡಿ. ಕೊಂಡ ಉಳಿದವರ ಗತಿ? ಅಕ್ಟೋಬರ್ 31ರಂದು ಅವರು ಇದನ್ನೆಲ್ಲ ಬರೆದು ಬಹಿರಂಗ ಮಾಡಿದರು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ರೇಡಿಯೋದಲ್ಲಿ ಕೊಟ್ಟ ಸಮಜಾಯಿಷಿ ಏನೆಂದರೆ, ರೂಟ್‌ಕಿಟ್ ಅಂದರೇನೆಂದು ಬಹುಪಾಲು ಜನಕ್ಕೆ ಗೊತ್ತೇ ಇಲ್ಲ, ಅಂದಮೇಲೆ ಅವರಿಗೇಕೆ ಅದರ ಚಿಂತೆ! ಆಮೇಲೆ ಗಲಾಟೆ ಜೋರಾಗಿ ತೆಗೆದುಹಾಕುವ ಸಾಧನವೊಂದನ್ನು ಕಂಪನಿಯೇ ಕೊಟ್ಟಿತು. ಪ್ರಿನ್ಸ್‌ಟನ್ನಿನ ಎಡ್ ಫೆಲ್ಟನ್ ಮತ್ತು ಅಲೆಕ್ಸ್ ಹಾಲ್ಡರ್‌ಮನ್ ಪರೀಕ್ಷಿಸಿ ನೋಡಿದರೆ, ಅಂತರಜಾಲದ ಯಾವ ಪುಟ ಬೇಕಾದರೂ ಒಳನುಗ್ಗಬಹುದಾದ ದೊಡ್ಡ ಕಿಂಡಿಯೊಂದನ್ನು ಆ ಸಾಧನ ತೆರೆದಿಟ್ಟಿತ್ತು. ರೋಗಕ್ಕಿಂತ ಮದ್ದೇ ಘೋರ. ಕೊನೆಗೆ 52 ಆಲ್ಬಮ್‌ಗಳ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ಒಳಗೆ ಬರುವ ಪ್ರೋಗ್ರಾಮನ್ನು ಬರೆಯಲು ಕಂಪನಿಗಳು ತಮ್ಮ ಜಾಣರನ್ನು ಕೂರಿಸುತ್ತವೆ. ಹೊರಗೆ ಹೋಗುವುದನ್ನು ಯಾರಿಗೆ ವಹಿಸುತ್ತಾರೋ, ಕೆಲಸದ ಗುಣ ನೋಡಿದರೆ ಊಹಿಸಬಹುದು. ಬಿಟ್ಟುಹೋಗುವ ಗಿರಾಕಿ ಯಾರಿಗೆ ಬೇಕು?

ಇಂಥ ಕೆಲಸದಲ್ಲಿ ಒಂದು ಹೆಸರು, ಒಂದು ಫೈಲು ಎಷ್ಟು ದೊಡ್ಡದೆಂದು ಲೋಕಕ್ಕೆಲ್ಲ ತಿಳಿದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಾಫ್ಟ್‌ವೇರಿನ ಕೆಟ್ಟ ಅಪ್‌ಡೇಟ್ ಒಂದು ಬಂತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ನೀಲಿಗೆ ತಿರುಗಿದವು, ಎದ್ದವು, ಮತ್ತೆ ಬಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಪರಿಹಾರ? ಸೇಫ್ ಮೋಡಿಗೆ ಹೋಗಿ, ಡ್ರೈವರ್‌ಗಳ ಫೋಲ್ಡರಿನಲ್ಲಿ 291 ಎಂಬ ಅಂಕಿಯಿರುವ ಫೈಲನ್ನು ಅಳಿಸಿ, ಮತ್ತೆ ಶುರುಮಾಡುವುದು. ಅಷ್ಟೇ. ಆದರೆ ಬಿದ್ದ ಯಂತ್ರಕ್ಕೆ ದೂರದಿಂದ ಕೈಚಾಚಲಾಗದು, ಬಹುಪಾಲು ಕಡೆ ಪ್ರತಿಯೊಂದರ ಎದುರೂ ಒಬ್ಬ ಮನುಷ್ಯ ಹೋಗಿ ನಿಲ್ಲಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಮೊದಲು 48 ಅಂಕಿಗಳ ಕೀಲಿಯನ್ನು ತಪ್ಪಿಲ್ಲದೆ ಒತ್ತಬೇಕು. ವಾರಾಂತ್ಯವೆಲ್ಲ ಮೇಜಿನಿಂದ ಮೇಜಿಗೆ ಹೋಗುತ್ತಾ ಹೀಗೆ ಒತ್ತಿದ ಸಾವಿರಾರು ಜನ ಐಟಿ ಕೆಲಸಗಾರರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆ ಎಲ್ಲ ಯಂತ್ರಗಳಿಗೂ ಫಾರ್ಮ್ಯಾಟ್ ಹೊಡೆಯೋಣ ಎಂದು ಅವರಲ್ಲಿ ಯಾರಾದರೂ ಹೇಳಿದ್ದರೆ?

ಪೇಟೆಯ ಹುಡುಗನನ್ನು ಇಷ್ಟು ಹೊತ್ತು ಬೈದದ್ದಕ್ಕೆ ಒಂದು ಮಾತು ಸೇರಿಸಬೇಕು. ಫಾರ್ಮ್ಯಾಟಿಗೆ ಇಷ್ಟು ಎಂದು ರೇಟಿದೆ. ಒಂದು ಕಡೆ ಹಾಕಿಟ್ಟು ಇನ್ನೊಂದು ಮನೆಗೆ ಹೋಗಿ ಬರಬಹುದು, ಸಂಜೆಗೆ ಯಂತ್ರ ತಯಾರು. ಇಡೀ ಮಧ್ಯಾಹ್ನ ಕುಳಿತು ಯೋಚಿಸಿ ಕೊನೆಗೆ ಒಂದು ಪದ ಅಳಿಸಿದ್ದಕ್ಕೆ ದುಡ್ಡು ಕೇಳಿದರೆ ಕೊಡುವವರು ಯಾರು? "ಒಂದು ಪದ ತಾನೇ ತೆಗೆದದ್ದು" ಎನ್ನುತ್ತೇವೆ. ಅವನು ಓದುವುದಿಲ್ಲವೆಂದರೆ ಓದಿಗೆ ನಾವು ಕೂಲಿ ಕೊಡುವುದಿಲ್ಲವೆಂದೇ. ಬೆಂಗಳೂರಿನ ಎಸ್.ಪಿ. ರೋಡಿನ ಕಿರಿದಾದ ಅಂಗಡಿಗಳಲ್ಲಿ ಮದರ್‌ಬೋರ್ಡಿನ ಬೀಪ್ ಸದ್ದು ಕೇಳಿಯೇ ರ‍್ಯಾಮ್ ಹೋಗಿದೆ ಎನ್ನುವವರನ್ನು ನಾನು ಕಂಡಿದ್ದೇನೆ. ಅವರೂ ರೇಟ್ ಹಾಕುವುದು ರ‍್ಯಾಮಿಗೆ, ಕಿವಿಗಲ್ಲ.

ಹುಡುಗ ಹೋಗಲಿಲ್ಲ, ಚಹಾ ಕುಡಿದು ಪಕ್ಕದಲ್ಲೇ ಕುಳಿತ. ವಿಂಡೋಸ್ ಡಿವಿಡಿಯಿಂದ ಎಬ್ಬಿಸಿ, ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿನಲ್ಲಿ ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್ ತೆರೆದೆವು. ಅಲ್ಲಿ ಕಾಣುವುದು ಡಿವಿಡಿಯದೇ ರಿಜಿಸ್ಟ್ರಿ. ನಮ್ಮ ರೋಗಿಯದನ್ನು 'ಲೋಡ್ ಹೈವ್' ಒತ್ತಿ ಎಳೆದು ತರಬೇಕು. ಸಿ ಡ್ರೈವಿನಲ್ಲಿ ಹುಡುಕಿದರೆ ವಿಂಡೋಸ್ ಫೋಲ್ಡರೇ ಇಲ್ಲ. ಅತ್ತೆಯವರು ಸಿಡಿಲಿನ ಮಾತು ಮತ್ತೆ ತೆಗೆದರು. ಹುಡುಗನೇ ಹೇಳಿದ, ಇಲ್ಲಿ ಡ್ರೈವಿನ ಅಕ್ಷರ ಬದಲಾಗಿರುತ್ತೆ ಸಾರ್, ಡಿ ನೋಡಿ. ಡಿ ನೋಡಿದೆವು, ಇತ್ತು. ಡಿಸ್ಕ್ ವರ್ಗದ ಅಪ್ಪರ್‌ಫಿಲ್ಟರ್ಸ್ ಒಳಗೆ ಎರಡು ಹೆಸರು. ಒಂದು ಬಿಟ್ಟುಹೋದ ಬ್ಯಾಕಪ್ಪಿನದು, ಇನ್ನೊಂದು ಪಾರ್ಟ್‌ಎಂಜಿಆರ್. ಹುಡುಗ ಎರಡನ್ನೂ ಸೇರಿಸಿ ಅಳಿಸಲು ಹೊರಟ. ಕೈ ಹಿಡಿದೆ. ಪಾರ್ಟ್‌ಎಂಜಿಆರ್ ವಿಂಡೋಸಿನ ಮನೆಯವನು, ಡಿಸ್ಕಿನ ವಿಭಾಗಗಳನ್ನು ನೋಡಿಕೊಳ್ಳುವವನು. ಅವನನ್ನು ಕಳಿಸಿದರೆ ಮತ್ತದೇ 7ಬಿ. ಮೊದಲನೆಯದನ್ನು ಮಾತ್ರ ಅಳಿಸಿ, ಹೈವನ್ನು ಅನ್‌ಲೋಡ್ ಮಾಡಿ, ಡಿವಿಡಿ ತೆಗೆದು ರೀಸ್ಟಾರ್ಟ್ ಒತ್ತಿದೆವು. ಬಣ್ಣದ ಬೆಳಕುಗಳು ಬಂದವು, ಗುರುತಾದವು, ಡೆಸ್ಕ್‌ಟಾಪ್ ಬಂತು. ಉಪನಯನದ ವಟು ಬಿಳಿ ಪಂಚೆಯುಟ್ಟು ಪರದೆ ತುಂಬ ನಗುತ್ತಿದ್ದ. ಫೋಟೋ, ಲೆಕ್ಕ, ಪಹಣಿ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸಿ ಬಾವಮೈದುನನ ಕೈಗಿತ್ತೆ. ಹುಡುಗ ಆ ಅಪ್ಪರ್‌ಫಿಲ್ಟರ್ಸ್ ಇದ್ದ ದಾರಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ.

ಬಾವಮೈದುನನಿಗೆ ಉತ್ಸಾಹ ಏರಿತು. ಕಂಟ್ರೋಲ್ ಪ್ಯಾನೆಲ್ ತೆರೆದು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದತೊಡಗಿದ. "ಬಾವ, ಇದೊಂದು ಪ್ರಿಂಟರಿಂದು. ಆ ಪ್ರಿಂಟರ್ ಗುಜರಿಗೆ ಹೋಗಿ ಎಷ್ಟೋ ಕಾಲ ಆಯ್ತು. ತೆಗೀಲಾ?"

"ಇರಲಿ ಬಿಡು" ಎಂದು ಮೌಸನ್ನು ನನ್ನ ಕಡೆಗೆ ಎಳೆದುಕೊಂಡೆ.