ಒಳಲೆ

ಆವತ್ತೂ ಹೀಗೇ ಮಳೆ ಹಿಡಿದಿತ್ತು. 2018ರ ಆಷಾಢ. ಸಾಗರದ ನಮ್ಮ ಮನೆಯ ಬಚ್ಚಲ ಒಲೆಗೆ ಅಮ್ಮ ಅಡಿಕೆ ಹಾಳೆ ತುರುಕಿ ಉರಿ ಎಬ್ಬಿಸಿದ್ದಳು. ಎದುರಿಗೆ ಕುರ್ಚಿ ಹಾಕಿಕೊಂಡು, ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕೂತಿದ್ದೆ. ಆಪರೇಷನ್ ಆಗಿ ಆರು ದಿನ. ಹೊಟ್ಟೆಗಿಂತ ಎಡಭುಜವೇ ಹೆಚ್ಚು ನೋಯುತ್ತಿತ್ತು. ಕ್ಯಾಮೆರಾ ಒಳಗೆ ಬಿಡುವಾಗ ಜಾಗ ಆಗಲಿ ಅಂತ ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿಸುತ್ತಾರೆ. ಅದರಲ್ಲಿ ಉಳಿದದ್ದು ವಪೆಯನ್ನು ಕೆಣಕಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಓಡಾಡಿದರೆ ಇಳಿಯುತ್ತದೆ ಅಂದಿದ್ದರು. ಹೊರಗೆ ಹೊಯ್ಯೋ ಮಳೆ. ಜಗಲಿಯಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ ಓಡಾಡಿದೆ.

ಈ ಕಥೆ ಶುರುವಾಗಿದ್ದು ರಜೆ ಅರ್ಜಿಯಿಂದ. ಸರ್ಕಾರಿ ಕಚೇರಿಯಲ್ಲಿ ಹದಿನೈದು ವರ್ಷ ಪ್ರಥಮ ದರ್ಜೆ ಸಹಾಯಕಿಯಾಗಿ ಮಂದಿಯ ರಜೆ ಅರ್ಜಿ ನೋಡಿದವಳು ನಾನು. ನನ್ನದೇ ಅರ್ಜಿಯಲ್ಲಿ 'ಕಾರಣ' ಅನ್ನುವಲ್ಲಿಗೆ ಬಂದಾಗ ಕೈ ಓಡಲಿಲ್ಲ. ನಲವತ್ತೊಂದು ವರ್ಷ, ಐದಡಿ ಒಂದಿಂಚು ಎತ್ತರ, 116 ಕೆಜಿ. ಶುಗರ್ ಇತ್ತು. ರಾತ್ರಿ ಉಸಿರು ಕಟ್ಟಿ ಎದ್ದು ಕೂರುತ್ತಿದ್ದೆ. ಕಚೇರಿಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ನಿಲ್ಲುತ್ತಿದ್ದೆ. ಇಷ್ಟೆಲ್ಲ ಕಾರಣ ಇದ್ದೂ ಕೊನೆಗೆ ಬರೆದದ್ದು 'ಹೊಟ್ಟೆಯ ಶಸ್ತ್ರಚಿಕಿತ್ಸೆ' ಅಂತ ಎರಡೇ ಪದ. ಮೂವತ್ತು ದಿನದ ಪರಿವರ್ತಿತ ರಜೆ. ಅದಕ್ಕೆ ಅರ್ಧ ವೇತನ ರಜೆ ಅರವತ್ತು ದಿನ ಕಳೆಯುತ್ತದೆ, ಸಂಬಳ ಮಾತ್ರ ಪೂರ್ತಿ ಬರುತ್ತದೆ. ಕಚೇರಿಯಲ್ಲಿ ಎಲ್ಲರೂ ಗರ್ಭಕೋಶ ತೆಗೆಸುತ್ತಿದ್ದಾಳೆ ಅಂದುಕೊಂಡರು. ನಾನು ತಿದ್ದಲಿಲ್ಲ. ಗರ್ಭಕೋಶ ತೆಗೆಸಿದವಳನ್ನು ಕಂಡು ಮರುಗುವ ಜನ ತೂಕಕ್ಕೆ ಕೊಯ್ಸಿಕೊಂಡವಳನ್ನು ಕಂಡರೆ 'ಬಾಯಿ ಕಟ್ಟಿದ್ದರೆ ಸಾಕಿತ್ತಲ್ಲ' ಅನ್ನುತ್ತಾರೆ. ಇಪ್ಪತ್ತು ವರ್ಷ ಬಾಯಿ ಕಟ್ಟಿ ಕಟ್ಟಿ ಸೋತವಳಿಗೆ ಆ ಮಾತು ಕೇಳುವ ಶಕ್ತಿ ಇರಲಿಲ್ಲ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತೆಗೆದು ಬಾಳೆಕಾಯಿಯಂಥ ಒಂದು ಕೊಳವೆ ಉಳಿಸಿದರು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಬಹುಪಾಲು ಹುಟ್ಟುವುದು ತೆಗೆದುಹಾಕುವ ಆ ಭಾಗದಲ್ಲೇ ಅಂತ ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಅದನ್ನು ನೋಡಿ ನನಗೆ ಅಳು ಬಂದಿತ್ತು. ಅಷ್ಟು ವರ್ಷ ನಾನು ನನ್ನನ್ನೇ ಬೈದುಕೊಂಡ ಹಸಿವಿಗೆ ದೇಹದಲ್ಲಿ ಒಂದು ಜಾಗ ಇತ್ತು, ಒಂದು ಹೆಸರಿತ್ತು.

ಊರಿಗೆ ಬಂದ ಮೇಲೆ ಎರಡು ವಾರ ಬರೀ ನೀರುನೀರಾದ್ದು. ಬೇಳೆಯ ಕಟ್ಟು, ತೆಳ್ಳನೆ ಮಜ್ಜಿಗೆ, ನೀರಲ್ಲಿ ಕಲಸಿದ ಪ್ರೋಟೀನ್ ಪುಡಿ. ಒಂದು ಸಲಕ್ಕೆ 30 ಮಿಲಿ, ಅದೂ ಗುಟುಕು ಗುಟುಕಾಗಿ. ಲೋಟ ಹಿಡಿದರೆ ಅಭ್ಯಾಸಬಲದಿಂದ ದೊಡ್ಡ ಗುಟುಕೇ ಹೋಗುತ್ತಿತ್ತು, ಎದೆ ಕಟ್ಟಿ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡು ದಿನ ನೋಡಿದ ಅಮ್ಮ ಮೂರನೇ ದಿನ ಅಟ್ಟದ ಪೆಟ್ಟಿಗೆಯಿಂದ ಏನೋ ತಂದು ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು. ನೋಡಿದರೆ ಬೆಳ್ಳಿಯ ಒಳಲೆ. ನನಗೆ ಹಾಲು ಹಾಕಿದ್ದು, ಆಮೇಲೆ ನನ್ನ ಮಗನಿಗೂ ಹಾಕಿದ್ದು.

"ಇದ್ರಲ್ಲಿ ಕುಡಿ ಮಾರಾಯ್ತಿ, ಇದು ಗಡಿಬಿಡಿ ಮಾಡಕ್ಕೆ ಬಿಡಲ್ಲ" ಅಂದಳು.

ಅಳೆದು ನೋಡಿದೆ. ಎರಡು ಒಳಲೆಗೆ ಸರಿಯಾಗಿ 30 ಮಿಲಿ. ಬೆಂಕಿಯ ಮುಂದೆ ಕೂತು, ಮೂತಿಯಿಂದ ತೊಟ್ಟು ತೊಟ್ಟಾಗಿ ಬೇಳೆಕಟ್ಟು ಕುಡಿದೆ. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಮ್ಮ ಪಕ್ಕದಲ್ಲೇ ಇದ್ದಳು. ಮದುವೆಯಾದ ಮೇಲೆ ಒಂದು ದಿನವೂ ನಾನು ಅಷ್ಟು ನಿಧಾನಕ್ಕೆ ಏನನ್ನೂ ಬಾಯಿಗಿಟ್ಟಿರಲಿಲ್ಲ. ಎಲ್ಲರಿಗೂ ಬಡಿಸಿ, ಬಸ್ಸಿಗೆ ಹೊತ್ತಾಯಿತು ಅಂತ ನಿಂತೇ ನುಂಗಿದ್ದೇ ಹೆಚ್ಚು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ನಮ್ಮ ಕಡೆ ಮಳೆಗಾಲ ಅಂದರೆ ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ. ಆ ತಿಂಗಳು ನಮ್ಮ ಮನೆಯಲ್ಲಿ ಒಂದೂ ಹಪ್ಪಳ ಸುಡಲಿಲ್ಲ. ನನ್ನ ಮೂಗಿಗೆ ವಾಸನೆ ಹೋಗಬಾರದು ಅಂತ ಅಮ್ಮ ಡಬ್ಬಿಯನ್ನೇ ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು. ಭಾರ ಎತ್ತಬಾರದು ಅಂದಿದ್ದಕ್ಕೆ ಎಪ್ಪತ್ತರ ಆಕೆಯೇ ಕೊಡಪಾನ ಹೊತ್ತಳು. ನೋಡುತ್ತಾ ಕೂರುವುದು ನನಗೆ ಭುಜದ ನೋವಿಗಿಂತ ಕಷ್ಟವಾಗಿತ್ತು.

ಮೂರನೇ ವಾರ ಮೆತ್ತಗೆ ಮಸೆದ ಬೇಳೆ, ಆಮೇಲೆ ನುಣ್ಣಗೆ ಮಾಡಿದ ಇಡ್ಲಿ. ತಿಂಗಳಿಗೆ ಹನ್ನೊಂದು ಕೆಜಿ ಇಳಿದಿತ್ತು. ದೈಹಿಕ ಅರ್ಹತಾ ಪ್ರಮಾಣಪತ್ರ ಕೊಟ್ಟು ಕೆಲಸಕ್ಕೆ ಹಾಜರಾದೆ. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದರು. ನಾನು ಅಂಗೈಯಗಲದ ಡಬ್ಬಿ ತೆಗೆದು ನಾಲ್ಕು ಚಮಚ ಹೆಸರುಬೇಳೆ ತಿನ್ನಲು ಇಪ್ಪತ್ತು ನಿಮಿಷ ಕೂತೆ. "ಗರ್ಭಕೋಶ ತೆಗೆಸಿದ್ದಕ್ಕೆ ಇಷ್ಟು ಪಥ್ಯವಾ?" ಅಂತ ಒಬ್ಬರು ಕೇಳಿದರು. ಆವತ್ತೂ ಹಾರಿಸಿ ಮಾತಾಡಬಹುದಿತ್ತು. ಒಳಲೆ ನೆನಪಾಯಿತು. "ಅಲ್ಲ, ತೂಕಕ್ಕೆ ಆಪರೇಷನ್ ಮಾಡಿಸ್ಕೊಂಡೆ" ಅಂದೆ. ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ, ಟಪಾಲು ವಿಭಾಗದ ಹುಡುಗಿ ಕೊಡೆ ಮಡಚಿ ಪಕ್ಕಕ್ಕೆ ಬಂದು ನಿಂತಳು. ನನ್ನಷ್ಟೇ ಮೈ, ಇನ್ನೂ ಮೂವತ್ತು ತುಂಬಿರಲಿಲ್ಲ.

"ಅಕ್ಕಾ, ಎಷ್ಟು ದಿನ ರಜೆ ಬೇಕಾಗತ್ತೆ?"

"ಒಂದು ತಿಂಗಳು ಹಾಕು. ಹದಿನೈದು ದಿನ ಸಾಕು ಅಂತ ಯಾರಾದ್ರೂ ಅಂದ್ರೂ ನೀನು ತಿಂಗಳೇ ಹಾಕು. ಆಪರೇಷನ್ನಿಗೆ ಮುಂಚೆ ನಿಮ್ಮಮ್ಮನ ಹತ್ರ ಮಾತಾಡು" ಅಂದೆ. ಸೊರಬದ ಬಸ್ ಬಂತು. ಅವಳು ಹತ್ತಲಿಲ್ಲ.